ಕೆಂಚಣ್ಣ ಹಾಕಿದ ಗಂಟು

ಪೆದ್ದಕಡುಬೂರಿನಿಂದ ಆದೋನಿಯ ಹೈಸ್ಕೂಲಿಗೆ ಹೋಗುತ್ತಿದ್ದವರು ಇಬ್ಬರೇ. ಒಬ್ಬ ಜಂಗಮರ ಚನ್ನಬಸಯ್ಯನವರ ಮಗ ಗುರುಪಾದಯ್ಯ, ಇನ್ನೊಬ್ಬ ಕುರುಬರ ಜಂಬಪ್ಪನ ಮಗ ಕೆಂಚಣ್ಣ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಸಣ್ಣ ಏರು ಬಂದರೂ ನಿಂತುಬಿಡುತ್ತಿತ್ತು. ಹತ್ತಿದವರೆಲ್ಲ ಇಳಿದು ತಳ್ಳಬೇಕು. ಟಿಕೇಟು ಕೊಂಡು ಬಸ್ಸನ್ನೇ ಹೊತ್ತು ತಿರುಗಿದವರು ನಾವಿಬ್ಬರೇ ಎಂದು ಗುರುಪಾದಯ್ಯ ನಗಾಡುತ್ತಿದ್ದ.

ಇಬ್ಬರ ಪುಸ್ತಕದ ಕಟ್ಟನ್ನೂ ಕಟ್ಟುತ್ತಿದ್ದವನು ಕೆಂಚಣ್ಣ. ಹಟ್ಟಿಯಲ್ಲಿ ಎಳೆಯ ಕುರಿಮರಿಗಳನ್ನು ಕಟ್ಟುವ ಗಂಟು ಅದು. ಎಷ್ಟು ಜಗ್ಗಿದರೂ ಮರಿಯ ಕೊರಳಿಗೆ ಉರುಲಾಗುವುದಿಲ್ಲ, ತಾನಾಗಿ ಸಡಿಲವೂ ಆಗುವುದಿಲ್ಲ. ತುದಿಯನ್ನು ಒಂದು ಕಡೆಯಿಂದ ಹಿಂದಕ್ಕೆ ತಳ್ಳಿದರೆ ಮಾತ್ರ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಜಂಬಪ್ಪನ ಮನೆಯವರ ಕೈಗೆ ಅದು ಹುಟ್ಟಿನಿಂದಲೇ ಬಂದದ್ದು. ಲೆಕ್ಕದಲ್ಲಿ ತರಗತಿಗೇ ಮೊದಲಿಗನಾದ ಗುರುಪಾದಯ್ಯನಿಗೆ ಎಷ್ಟು ಕಲಿತರೂ ಆ ಗಂಟು ಬರಲಿಲ್ಲ. ಬಿಚ್ಚುವುದಕ್ಕೂ ಕೆಂಚಣ್ಣನೇ ಬೇಕಾಗುತ್ತಿತ್ತು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಇಬ್ಬರೂ ಊರು ಸೇರಿದರು. ಮುಂದಿನದೆಲ್ಲ ಮಾತಾಗಿ ಹೋಗಿತ್ತು. ಅನಂತಪುರದ ಕಾಲೇಜು, ಅಲ್ಲಿ ಗುರುಪಾದಯ್ಯನ ಸೋದರಮಾವನ ಮನೆಯ ಅಟ್ಟದಲ್ಲಿ ಇಬ್ಬರೂ ಇರುವುದು. ಜಂಬಪ್ಪ ಒಪ್ಪಿದ್ದೂ ಆ ಧೈರ್ಯದ ಮೇಲೆಯೇ. ಅಯ್ಯನೋರ ಹುಡುಗ ಹೋದರೆ ನೀನೂ ಹೋಗು, ಅವನಿಲ್ಲದೆ ಆ ದೂರದ ಊರಿಗೆ ನಿನ್ನೊಬ್ಬನನ್ನು ಕಳಿಸುವುದಿಲ್ಲ, ಮನೆಯಲ್ಲಿ ಕುರಿಗಳಿವೆ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ. ಕೆಂಚಣ್ಣನ ಕಾಲೇಜು ಗೆಳೆಯನ ಬೆನ್ನಿಗೆ ಕಟ್ಟಿದ ಬುತ್ತಿಯಾಗಿತ್ತು.

ಅಷ್ಟರಲ್ಲಿ ಮಠದ ಮಾತು ಬಂತು. ತುಂಗಭದ್ರೆಯ ಆಚೆ, ನಿಜಾಮರ ಸೀಮೆಯಲ್ಲಿ, ಚನ್ನಬಸಯ್ಯನವರ ಮನೆತನಕ್ಕೆ ನಡೆದುಬಂದ ಒಂದು ಹಳೆಯ ಮಠವಿತ್ತು. ಅಲ್ಲಿನ ಸ್ವಾಮಿಗಳು ಹಾಸಿಗೆ ಹಿಡಿದಿದ್ದರು. ಅವರ ಗಾದಿಗೆ ಇದೇ ಮನೆತನದ ಹುಡುಗನೊಬ್ಬ ಮರಿದೇವರಾಗಿ, ಎಂದರೆ ಮುಂದಿನ ಸ್ವಾಮಿಯಾಗಿ, ಬೇಕಿತ್ತು. ಮರಿದೇವರಾದ ಮೇಲೆ ಮನೆಯಿಲ್ಲ, ತಾಯಿತಂದೆಯಿಲ್ಲ, ಗೆಳೆಯರಂತೂ ಇಲ್ಲವೇ ಇಲ್ಲ. ಚನ್ನಬಸಯ್ಯನವರಿಗೆ ಅರ್ಧ ಮನಸ್ಸು ಬಂದಿತ್ತು. ತಾಯಿ ಬಸಲಿಂಗಮ್ಮ ಮಾತ್ರ ಜಗ್ಗಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಮೇಲೆ ಹುಟ್ಟಿದ ಒಬ್ಬನೇ ಮಗ, ನಾನು ಹೆತ್ತವನ ಕಾಲಿಗೆ ನಾನೇ ಬೀಳಬೇಕೇನು ಎಂದು ಆಕೆ ಗಂಡನನ್ನು ಕೇಳಿದಳು. ಕಡೆಯ ಮಾತು ಕೇಳಲು ಮಠದ ಹಿರಿಯರು ಬರುವವರಿದ್ದರು.

ಗುರುಪಾದಯ್ಯ ನಿಶ್ಚಿಂತನಾಗಿದ್ದ. ನಮ್ಮವ್ವ ಒಪ್ಪುವುದಿಲ್ಲ, ನೀನು ಅನಂತಪುರಕ್ಕೆ ಹಾಸಿಗೆ ಸುತ್ತಿಡು ಎಂದು ಕೆಂಚಣ್ಣನಿಗೆ ಹೇಳುತ್ತಿದ್ದ. ನಂಬಬೇಕಾದವನು ನಂಬಿದ್ದ, ನಂಬದವನು ಕೆಂಚಣ್ಣ. ನಾಲ್ಕು ಜನ ದೊಡ್ಡವರು ರುಮಾಲು ಸುತ್ತಿಕೊಂಡು ಬಂದು ಕೂತರೆ ಒಬ್ಬ ಹೆಂಗಸಿನ ಮಾತು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅವನು ಲೆಕ್ಕ ಹಾಕಿದ. ಬಸಲಿಂಗಮ್ಮನನ್ನು ಹುಟ್ಟಿದಾಗಿನಿಂದ ಕಂಡಿದ್ದೂ ಅಂಥ ಲೆಕ್ಕ ಹಾಕಿದನಲ್ಲ, ಅದಕ್ಕೇ ಅವನಿಗೆ ಲೆಕ್ಕದಲ್ಲಿ ಯಾವಾಗಲೂ ಕಡಿಮೆ ಅಂಕ.

ಹಿರಿಯರು ಬರುವ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಊರ ಹೊರಗಿನ ಮೆಟ್ಟಿಲ ಬಾವಿಗೆ ಈಜಲು ಹೋದರು. ಗುರುಪಾದಯ್ಯನಿಗೆ ಒಂದು ಕೆಟ್ಟ ರೂಢಿಯಿತ್ತು, ಅದು ಗೊತ್ತಿದ್ದದ್ದು ಕೆಂಚಣ್ಣನಿಗೊಬ್ಬನಿಗೇ. ಕೊರಳಿನ ಲಿಂಗವನ್ನು ಯಾವ ಹೊತ್ತಿಗೂ ಮೈಯಿಂದ ಅಗಲಿಸಬಾರದು. ಒಮ್ಮೆ ಮೇಲಿನಿಂದ ಜಿಗಿದಾಗ ಲಿಂಗ ಸುತ್ತಿ ಕಟ್ಟಿದ ವಸ್ತ್ರ ಜಾರಿ ನೀರಿನ ಪಾಲಾಗುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅಂದಿನಿಂದ ಅವನು ಅದನ್ನು ತೆಗೆದು ಬಾವಿಯ ಗೋಡೆಯ ದೀಪದ ಗೂಡಿನಲ್ಲಿಟ್ಟು ಜಿಗಿಯುತ್ತಿದ್ದ.

ಅಂದೂ ಇಟ್ಟ, ಜಿಗಿದ, ಮುಳುಗಿದ. ಕೆಂಚಣ್ಣ ಗೂಡಿಗೆ ಕೈ ಹಾಕಿದ.

ಅವನ ತಲೆಯಲ್ಲಿ ಇದ್ದದ್ದು ಇಷ್ಟೇ: ಲಿಂಗ ಕಳೆದುಕೊಂಡ ಹುಡುಗನನ್ನು ಯಾವ ಮಠದವರೂ ಒಯ್ಯುವುದಿಲ್ಲ. ನಾಳೆ ಬಂದವರು ನೋಡಿ, ಛೀ ಎಂದು ಗಾಡಿ ತಿರುಗಿಸುತ್ತಾರೆ. ಆಮೇಲೆ ಯಾರಾದರೂ ಗುರುಗಳು ಬೇರೆ ಲಿಂಗ ಕಟ್ಟುತ್ತಾರೆ. ಹೈಸ್ಕೂಲಿನಲ್ಲಿ ತೆಲುಗು ಕಲಿಸುವ ಪಂತುಲು ಅವರ ಜನಿವಾರ ಒಮ್ಮೆ ಹರಿದಾಗ ಸಂಜೆಗೇ ಬೇರೆ ಹಾಕಿಕೊಂಡು ಬಂದಿದ್ದನ್ನು ಅವನು ಕಂಡಿದ್ದ. ಇದೂ ಹಾಗೇ ಎಂದುಕೊಂಡ. ಅಯ್ಯನೋರ ಮನೆಯ ಕಟ್ಟೆಯ ಮೇಲೆ ಆಡಿ ಬೆಳೆದವನಿಗೆ ಆ ಮನೆಯ ಕಟ್ಟೆಯಷ್ಟೇ ಗೊತ್ತಿತ್ತು, ಒಳಗಿನದು ಗೊತ್ತಿರಲಿಲ್ಲ.

ಬಾವಿಯ ಪಕ್ಕದ ಬೇವಿನ ಮರದ ಪೊಟರೆಯ ಕಡೆಗೆ ಓಡುವಾಗ ವಸ್ತ್ರ ಸಡಿಲವಾಗಿ ಲಿಂಗ ಅವನ ಅಂಗೈಗೆ ಉರುಳಿತು. ಕರ್ರಗೆ, ತಣ್ಣಗೆ ಇತ್ತು. ಕಣ್ಣು ಮುಚ್ಚಿಕೊಂಡು, ತನ್ನ ಮನೆದೇವರು ಬೀರಪ್ಪನಲ್ಲಿ ತಪ್ಪಾಯಿತೆಂದು ಬೇಡುತ್ತ, ಅವಸರದಲ್ಲಿ ವಸ್ತ್ರ ಸುತ್ತಿ ಗಂಟು ಹಾಕಿ ಪೊಟರೆಯೊಳಗಿಟ್ಟು ಬಾವಿಗೆ ಮರಳಿದ. ಬೀರಪ್ಪ ಏನೆಂದನೋ ತಿಳಿಯದು.

ಈಜು ಮುಗಿಸಿ ಮೆಟ್ಟಿಲು ಹತ್ತಿ ಬಂದ ಗುರುಪಾದಯ್ಯ ಬರಿದಾದ ಗೂಡನ್ನು ನೋಡಿದ. ಅವನ ಮುಖ ನೋಡಿದಾಗಲೇ ಕೆಂಚಣ್ಣನಿಗೆ ತಾನು ಮಾಡಿದ್ದು ಆಟವಲ್ಲ ಎಂದು ಗೊತ್ತಾಗಬೇಕಿತ್ತು. ಇಬ್ಬರೂ ಮೆಟ್ಟಿಲು ಮೆಟ್ಟಿಲು ಹುಡುಕಿದರು. ಒಬ್ಬ ನಿಜವಾಗಿ ಹುಡುಕಿದ, ಇನ್ನೊಬ್ಬ ಹುಡುಕಿದಂತೆ ಮಾಡಿದ. ಕಾಗೆ ಕಚ್ಚಿಕೊಂಡು ಹೋಗಿರಬೇಕು ಎಂದವನು ಗುರುಪಾದಯ್ಯನೇ. ಸುಳ್ಳು ಹೇಳುವ ಕಷ್ಟವೂ ಕೆಂಚಣ್ಣನಿಗೆ ಬರಲಿಲ್ಲ.

ಸಂಜೆಗೆ ಊರೆಲ್ಲ ಬಾವಿಯ ಸುತ್ತ ಸೇರಿತು. ಆಗ ಕೆಂಚಣ್ಣನ ಕಿವಿಗೆ ಆ ಮಾತು ಬಿತ್ತು: ಲಿಂಗ ಸಿಗುವವರೆಗೆ ಹುಡುಗ ಅನ್ನ ಮುಟ್ಟುವಂತಿಲ್ಲ, ಹನಿ ನೀರನ್ನೂ ಕುಡಿಯುವಂತಿಲ್ಲ. ಸಿಗದಿದ್ದರೆ ಎಂದು ಕೇಳಿದ. ಅದಕ್ಕೆ ಮುದುಕನೊಬ್ಬ ಹೇಳಿದ: ಹಳೆಯ ಮನೆತನದವರಿಗೆ ಲಿಂಗ ಹೋದರೆ ಪ್ರಾಣವೂ ಹೋದಂತೆಯೇ. ವೈಶಾಖದ ಬಿಸಿಲು, ಕಲ್ಲೂ ಬಾಯಾರುವ ಕಾಲ. ಕೆಂಚಣ್ಣ ಬೇವಿನ ಮರದ ಕಡೆಗೆ ಹೆಜ್ಜೆ ಎತ್ತಿದ. ಮರದ ಕೆಳಗೇ ಹತ್ತು ಜನ ಪಂಜು ಹಿಡಿದು ನಿಂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇವನು ಯಾರೂ ಏನೂ ಅನ್ನದಿದ್ದರೂ ಮತ್ತೆ ಮತ್ತೆ ಅಂಗೈ ನೋಡಿಕೊಂಡ.

ಮರುದಿನ ಬೆಳಿಗ್ಗೆ ಮಠದ ಹಿರಿಯರು ಬಂದರು. ಗಾಡಿ ತಿರುಗಿಸಲಿಲ್ಲ. ಕಟ್ಟೆಯ ಮೇಲೆ ಕೂತು ಅವರೂ ನೀರು ಮುಟ್ಟದೆ ಜಪಕ್ಕೆ ತೊಡಗಿದರು. ಗುರುಪಾದಯ್ಯ ಪಡಸಾಲೆಯ ಕಂಬಕ್ಕೆ ಒರಗಿದ್ದ, ತುಟಿಗಳು ಒಡೆದು ಬಿಳಚಿದ್ದವು. ಕೆಂಚಣ್ಣನನ್ನು ಕಂಡು ನಗಲು ನೋಡಿದ. ಆ ನಗೆಯನ್ನು ಕೆಂಚಣ್ಣ ತಡೆದುಕೊಳ್ಳಲಾರದೆ ಹೋದ. ನಡುಮಧ್ಯಾಹ್ನ ಬಿಸಿಲಿಗೆ ಹೆದರಿ ಜನ ಮನೆ ಸೇರಿದ್ದೇ ತಡ, ಬಾವಿಗೆ ಓಡಿದ. ಪೊಟರೆಯಿಂದ ತೆಗೆದು, ಮುಟ್ಟಬಾರದೆಂದು ಬೇವಿನ ಎಲೆಗಳ ಮೇಲಿಟ್ಟುಕೊಂಡು, ಅಳುತ್ತ ಊರೊಳಗೆ ಬಂದ. ಅಳು ಮಾತ್ರ ನಿಜವಾದದ್ದು.

ಜನ ಕೇಳಿದರು, ಜನರೇ ಉತ್ತರವನ್ನೂ ಹೇಳಿದರು. ಪೊದೆಯಲ್ಲಿ ಸಿಕ್ಕಿತೇ? ಹೌದು, ಕಾಗೆ ಬೀಳಿಸಿರಬೇಕು. ಕೆಂಚಣ್ಣ ತಲೆಯಾಡಿಸಿದ.

ಬಸಲಿಂಗಮ್ಮ ಓಡಿಬಂದು ಅವನ ಎರಡೂ ಕೆನ್ನೆ ಹಿಡಿದುಕೊಂಡಳು.

“ನನ್ನ ಮಗನ ಜೀವಾ ತಂದಿಯಪ್ಪ ಕೆಂಚಣ್ಣ,” ಎಂದಳು. “ಮುಂಜಾನಿ ಶಿವಗ ಮಾತು ಕೊಟ್ಟೀನಿ. ಲಿಂಗ ಸಿಕ್ಕರ ಹುಡುಗನ್ನ ನಿನ್ನ ಮಠಕ್ಕ ಬಿಡ್ತೀನಿ ಅಂತ, ಈ ಹಿರೇರ ಮುಂದ ನೀರು ಮುಟ್ಟಿ ಹೇಳೀನಿ. ಆತ ಕೇಳಿಸಿಕೊಂಡಾನ. ಇನ್ನ ನಂದೇನೈತಿ? ಬದುಕಿರ್ಲಿ, ಎಲ್ಲ್ಯಾರ ಇರ್ಲಿ.”

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುವುದು ಇದಕ್ಕೇ. ಯಾರೂ ಅಲುಗಾಡಿಸಲಾರದ ತಾಯಿಯನ್ನು ಅಲುಗಾಡಿಸಿದವನು ಅವನೇ. ಈಗ ಒಂದು ಮಾತು ಸಾಕಿತ್ತು. ಲಿಂಗ ಕಳೆದೇ ಇರಲಿಲ್ಲ, ನಾನೇ ಬಚ್ಚಿಟ್ಟಿದ್ದೆ ಎಂದರೆ ಹರಕೆಗೆ ಬುಡವೇ ಇರುವುದಿಲ್ಲ, ಗೆಳೆಯ ಅನಂತಪುರಕ್ಕೆ ಹೋಗುತ್ತಾನೆ. ಬಾಯಿ ತೆರೆದ. ಕಟ್ಟೆಯ ಮೇಲೆ ಹಿರಿಯರು, ಬಾಗಿಲಲ್ಲಿ ಊರು, ಜನರ ನಡುವೆ ಹೆಮ್ಮೆಯಿಂದ ಬೀಗುತ್ತ ನಿಂತ ತಂದೆ ಜಂಬಪ್ಪ. ಅಯ್ಯನೋರ ಲಿಂಗ ಕದ್ದವನ ಮನೆಗೆ ಈ ಊರಿನಲ್ಲಿ ಬೆಂಕಿ ಕೊಡುವವರೂ ಇರುವುದಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿತು.

ಗುರುಪಾದಯ್ಯ ಲಿಂಗವನ್ನು ಕಣ್ಣಿಗೊತ್ತಿಕೊಂಡು ಪೂಜೆಗೆ ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಹಣೆಯಲ್ಲಿ ವಿಭೂತಿಯಿತ್ತು, ತುಟಿಯಲ್ಲಿ ನೀರಿನ ಪಸೆಯಿತ್ತು. ಬಂದವನು ಎಲ್ಲರನ್ನೂ ಬಿಟ್ಟು ಕೆಂಚಣ್ಣನ ಎದುರು ನಿಂತ. ಏನೋ ಕೇಳಿಸಿಕೊಳ್ಳುವವನಂತೆ ಸುಮ್ಮನೆ ನಿಂತಿದ್ದ. ಕೆಂಚಣ್ಣ ನೆಲ ನೋಡಿದ. ಅಂದು ಮೊದಲ ಬಾರಿಗೆ ಬಸಲಿಂಗಮ್ಮ ಅವನನ್ನು ಕಟ್ಟೆ ದಾಟಿಸಿ ಪಡಸಾಲೆಯೊಳಗೆ ಕರೆದು, ಮಣೆ ಹಾಕಿ, ಸಿಹಿ ಸಜ್ಜಕ ಬಡಿಸಿದಳು. ಊರೆಲ್ಲ ನೋಡುತ್ತಿರುವಾಗ ಅವನು ಉಂಡ.

ಆಮೇಲೆ ಮರಿದೇವರನ್ನು ಕರೆದೊಯ್ಯುವ ದಿನ ಗೊತ್ತಾಯಿತು. ಅಷ್ಟು ದಿನವೂ ಕೆಂಚಣ್ಣ ಬೆಳಿಗ್ಗೆ ಎದ್ದು, ಇಂದು ಹೇಳಿಬಿಡುತ್ತೇನೆ ಎನ್ನುತ್ತಿದ್ದ. ಅಯ್ಯನೋರ ಮನೆಯವರೆಗೆ ಹೋಗುತ್ತಿದ್ದ. ಅಲ್ಲಿ ಬಸಲಿಂಗಮ್ಮ ಮಗನಿಗೆಂದು ಕೊನೆಯ ಬಾರಿ ಏನೋ ಹುರಿಯುತ್ತಲೋ ಕುಟ್ಟುತ್ತಲೋ ಇರುತ್ತಿದ್ದಳು, ಬಾ ತಮ್ಮಾ ಎಂದು ಇವನ ಕೈಗೂ ಒಂದು ತುತ್ತು ಹಾಕುತ್ತಿದ್ದಳು. ತುತ್ತು ಬಾಯಲ್ಲಿದ್ದಾಗ ಮಾತು ಎಲ್ಲಿಂದ ಬರಬೇಕು? ಗುರುಪಾದಯ್ಯ ಈಜಲು ಕರೆಯಲಿಲ್ಲ. ಆದರೆ ದಿನಾ ಸಂಜೆ ಕಟ್ಟೆಯ ಮೇಲೆ ಇವನ ಪಕ್ಕ ಬಂದು ಕೂರುತ್ತಿದ್ದ. ಕಾಲೇಜಿನ ಮಾತಿಲ್ಲ, ಮಠದ ಮಾತಿಲ್ಲ. ಕತ್ತಲಾದ ಮೇಲೆ ಎದ್ದು ಒಳಗೆ ಹೋಗುತ್ತಿದ್ದ. ಹೊರಡುವುದಕ್ಕೆ ಮುಂಚೆ ಫಲಿತಾಂಶವೂ ಬಂತು, ಇಬ್ಬರೂ ಪಾಸು. ಯಾರೂ ಸಕ್ಕರೆ ಹಂಚಲಿಲ್ಲ.

ಹೊರಡುವ ದಿನ ಗುರುಪಾದಯ್ಯನಿಗೆ ಕಾವಿ ಉಡಿಸಿದರು. ನೆತ್ತಿ ಬೋಳಿಸಿದ ಮೇಲೆ ಅವನು ತೀರಾ ಚಿಕ್ಕ ಹುಡುಗನಂತೆ ಕಾಣುತ್ತಿದ್ದ. ಮೊದಲು ತಂದೆ ಬಿದ್ದು ನಮಸ್ಕಾರ ಮಾಡಿದರು. ಆಮೇಲೆ ಬಸಲಿಂಗಮ್ಮ ಬಂದಳು. ಸೆರಗು ಹೊದ್ದು, ಹೆತ್ತ ಮಗನ ಪಾದಕ್ಕೆ ಹಣೆ ಹಚ್ಚಿದಳು; ಹಚ್ಚಿದವಳು ಏಳಲಿಲ್ಲ, ಹೆಣ್ಣುಮಕ್ಕಳೇ ಹಿಡಿದೆಬ್ಬಿಸಬೇಕಾಯಿತು. ಯಾವುದನ್ನು ಮಾಡುವುದಿಲ್ಲ ಎಂದಿದ್ದಳೋ ಅದನ್ನೇ ಮಾಡಿದಳು. ಕೆಂಚಣ್ಣನಿಗೆ ಅಲ್ಲೇ ಭೂಮಿ ಬಾಯ್ತೆರೆದು ನುಂಗಬಾರದೇ ಎನಿಸಿತು.

ಅವನ ಸರದಿ ಬಂತು. ಬಾಗಿದ. ಮರಿದೇವರಾದವನು ವಿಭೂತಿ ಹಚ್ಚುವ ನೆಪದಲ್ಲಿ ಅವನ ಕಿವಿಯ ಹತ್ತಿರ ಮುಖ ತಂದ.

“ವಸ್ತ್ರದ ಗಂಟು ನಿಂದು,” ಎಂದ. “ಅವತ್ತು ಪೂಜಿಗೆ ಕುಂತಾಗ ನೋಡಿದೆ. ಬಿಚ್ಚಾಕ ಭಾಳ ಹೊತ್ತಾತು ನೋಡು, ನೀ ಇರಲಿಲ್ಲಲ್ಲ.”

ಕೆಂಚಣ್ಣ ಬಾಗಿದ್ದಲ್ಲೇ ಪಿಸುಗುಟ್ಟಿದ.

“ಮತ್ತ ಯಾಕ ಹೇಳಲಿಲ್ಲ, ಗುರು?”

“ನಾ ಹೇಳಿದ್ರ ನಿಮ್ಮನ್ನ ಊರಾಗ ಇರಗೊಡ್ತಿದ್ದಿಲ್ಲ. ನೀನಾಗೇ ಹೇಳಿದ್ರ ನಿನ್ನ ಪರ ನಾ ಅಡ್ಡ ನಿಂದ್ರತಿದ್ದೆ. ದಿನಾ ಸಂಜಿಕ ಕಟ್ಟಿ ಮ್ಯಾಗ ಅದಕ್ಕ ಬಂದು ಕುಂದರ್ತಿದ್ದೆ, ಕೆಂಚ. ಇವತ್ತು ಹೇಳ್ತಾನ, ಇವತ್ತು ಹೇಳ್ತಾನ ಅಂತ.”

ಹಿಂದಿನವರು ನೂಕಿದರು. ಕೆಂಚಣ್ಣ ಪಕ್ಕಕ್ಕೆ ಸರಿದ. ಕಾವಿಯ ಹುಡುಗ ಗಾಡಿ ಹತ್ತಿ ಕೂತು, ಒಮ್ಮೆ ಇತ್ತ ನೋಡಿದ. ಗಾಡಿ ಇನ್ನೂ ಕದಲಿರಲಿಲ್ಲ. ಇನ್ನೂ ಹೊತ್ತಿತ್ತು. ಬಸಲಿಂಗಮ್ಮ ಕೈಗೆ ಎಟುಕುವಷ್ಟು ಹತ್ತಿರ ನಿಂತಿದ್ದಳು, ಒಂದು ಕೂಗು ಹಾಕಿದರೆ ಸಾಕಿತ್ತು. ಜನ ಹರಹರ ಎಂದರು. ಕೆಂಚಣ್ಣನೂ ಹರಹರ ಎಂದ. ಗಾಡಿ ಹೊಳೆಯ ಕಡೆಗೆ ಹೋಗುವ ಕೌತಾಳದ ದಾರಿ ಹಿಡಿದು ಧೂಳಿನಲ್ಲಿ ಮರೆಯಾಯಿತು.

ಜಂಬಪ್ಪ ಹೇಳಿದಂತೆಯೇ ಆಯಿತು. ಗೆಳೆಯನಿಲ್ಲದ ಕಾಲೇಜು ಬೇಡವೆಂದ, ಕೆಂಚಣ್ಣ ಎದುರಾಡಲಿಲ್ಲ. ಕುರಿಗಳ ಹಿಂದೆ ಹೋದ. ಮರಿಗಳನ್ನು ಕಟ್ಟಲು ಮಾತ್ರ ತಂದೆಯನ್ನು ಕರೆಯುತ್ತಿದ್ದ. ಓದಿದ ಮೇಲೆ ಕೈ ಮೆತ್ತಗಾಯಿತು ಎಂದು ಜಂಬಪ್ಪ ಬೈಯುತ್ತಿದ್ದ.

ಸೋಮವಾರಗಳಂದು ಬಸಲಿಂಗಮ್ಮ ಹೇಳಿ ಕಳಿಸುತ್ತಿದ್ದಳು. ಮಗ ಕೂರುತ್ತಿದ್ದ ಜಾಗದಲ್ಲಿ ಅವನಿಗೆ ಮಣೆ ಹಾಕಿ, “ಇನ್ನ ನೀನ ನನ್ನ ಮಗ, ಹೊಟ್ಟಿ ತುಂಬ ಉಣ್ಣಪ್ಪ” ಎನ್ನುತ್ತಿದ್ದಳು. ಕೆಂಚಣ್ಣ ಒಲ್ಲೆ ಎನ್ನುತ್ತಿರಲಿಲ್ಲ. ಆಕೆ ಬಡಿಸಿದಷ್ಟನ್ನೂ ತಲೆ ತಗ್ಗಿಸಿ ಉಂಡು, ಎಲೆ ಎತ್ತಿಕೊಂಡು ಹೊರಗೆ ಬರುತ್ತಿದ್ದ.