ಪೀಪಿಯ ಎಡಗೆನ್ನೆ

ಪೀಪಿಗೆ ಆ ಹೆಸರಿಟ್ಟವನು ಕ್ಷೌರಿಕನೇ. ಇಬ್ಬರೂ ಒಂದೇ ಬೆಂಚಿನ ಹುಡುಗರು. ಪೀಪಿ ಕೆನ್ನೆ ಉಬ್ಬಿಸಿ ಕೂರುವುದು, ಇವನು ಬೆರಳಿನಿಂದ ಒತ್ತುವುದು, ಪುರ್ರೆಂದು ಸದ್ದು ಬರುವುದು, ಮೇಷ್ಟ್ರು ಇಬ್ಬರನ್ನೂ ಹೊರಗೆ ನಿಲ್ಲಿಸುವುದು. ಮುಂದೆ ಅದೇ ಕೆನ್ನೆ ಅವನಿಗೆ ಅನ್ನ ಹಾಕಿತು. ಬ್ಯಾಂಡಿನಲ್ಲಿ ಮೂವತ್ತು ವರ್ಷ ಟ್ರಂಪೆಟ್ ಊದಿದ. ಮೀಸೆ ಚಿಗುರುವ ಮೊದಲೇ ದೊಡ್ಡ ಮನುಷ್ಯನ ಹಾಗೆ ಗಡ್ಡ ಹೆರೆಸಿಕೊಳ್ಳಲು ಈ ಅಂಗಡಿಗೆ ಬಂದವನು, ಇವತ್ತಿಗೂ ಅದೇ ಕುರ್ಚಿಗೆ ಬರುತ್ತಾನೆ. ಕುರ್ಚಿಯ ರೆಕ್ಸಿನ್ ಮೂರು ಸಲ ಬದಲಾಗಿದೆ, ಪೀಪಿಯ ಬಾಯಿ ಮಾತ್ರ ಬದಲಾಗಿಲ್ಲ.

ಆ ಬೆಳಿಗ್ಗೆ ಹತ್ತು ದಿನದ ಗಡ್ಡ ಹೊತ್ತು ಬಂದ.

“ಫ್ಲೂ ಕಣೋ. ಹಿಂಡಿ ಹಿಪ್ಪೆ ಮಾಡ್ಬಿಡ್ತು. ಮೊನ್ನೆ ಜ್ವರ ಬಿಡ್ತು. ಕನ್ನಡಿ ನೋಡಿದ್ರೆ ಒಳಗೆ ಕರಡಿ ನಿಂತಿತ್ತು.”

“ಪಾಪ, ಕರಡಿಗ್ಯಾಕೆ ಅವಮಾನ ಮಾಡ್ತೀಯ,” ಎನ್ನುತ್ತ ಕ್ಷೌರಿಕ ನೊರೆ ಹಚ್ಚಿದ.

ಬಲಗಡೆ ಮುಗಿಯಿತು. “ಹ್ಞೂಂ, ಊದು,” ಎಂದ. ಕೆನ್ನೆ ಉಬ್ಬಿಸಿದರೆ ಸುಕ್ಕು ಬಿಗಿಯಾಗಿ ಕತ್ತಿ ಸಲೀಸಾಗಿ ಓಡುತ್ತದೆ. ಪೀಪಿ ಊದಿದ. ಗಾಳಿ ಬಾಯಿಯ ಎಡ ಮೂಲೆಯಿಂದ ಸೋರಿಹೋಯಿತು. ಇನ್ನೊಮ್ಮೆ ಊದಿದಾಗ ಗಾಳಿಯ ಜೊತೆ ಜೊಲ್ಲೂ ಇಳಿಯಿತು.

“ಶುಶ್ತು,” ಎಂದ ಪೀಪಿ. ಸುಸ್ತು ಎನ್ನಲು ನಾಲಿಗೆ ತೊಡರಿತ್ತು.

ಕ್ಷೌರಿಕ ಕತ್ತಿ ಮಡಚಿದ. ಈ ಕತ್ತಿ ಹಿಡಿಯಲು ಕಲಿಸಿದ ಅಪ್ಪ, ಹೀಗೇ ಫ್ಲೂ ಬಿಟ್ಟ ವಾರದಲ್ಲಿ ಕೈಯಿಂದ ಬ್ರಷ್ ಬೀಳಿಸಿದ್ದ. ಬಾಯಿ ಕೊಂಚ ವಾರೆಯಾಗಿತ್ತು. ಜ್ವರದ ನಿತ್ರಾಣ, ಮಲಗಿದರೆ ಸರಿಹೋಗುತ್ತದೆ ಎಂದು ಮಗನೇ ಹೊದಿಕೆ ಹೊದಿಸಿದ್ದ. ಸಂಜೆ ಎದ್ದಾಗ ಅರ್ಧ ಮೈ, ಪೂರ್ತಿ ಮಾತು ಎರಡೂ ಹೋಗಿದ್ದವು. ಇಂಥ ಸೋಂಕಿನ ಬೆನ್ನಿಗೇ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಅಪಾಯ ಹೆಚ್ಚು ಎಂದು ಡಾಕ್ಟರು ಆಮೇಲೆ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಪ್ಪ ಮತ್ತೆ ಮೂರು ವರ್ಷ ಈ ಅಂಗಡಿಯ ಮೂಲೆಯಲ್ಲಿ ಕೂತು, ಮಗನ ಕೈಯನ್ನೇ ನೋಡುತ್ತಿದ್ದ. ಒಂದು ದಿನವೂ ಬೈಯಲಿಲ್ಲ, ಬೈಯಲು ಮಾತಿರಲಿಲ್ಲ.

ಕ್ಷೌರಿಕ ಗೋಡೆಯ ಗಡಿಯಾರ ನೋಡಿಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದ.

“ಅರ್ಧ ಗಡ್ಡದಲ್ಲಾ?” ಪೀಪಿ ತೊದಲಿದ. “ಜನ ನಗ್ತಾರೆ.”

“ನಗಲಿ. ನಾಳೆ ನೀನೂ ನಗಬೇಕಲ್ಲ.”

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವಾಗ ಶುರುವಾಯಿತು ಎಂದು.

“ಒಂಬತ್ತು ಇಪ್ಪತ್ತಕ್ಕೆ. ಬಲಗೆನ್ನೆ ಹೆರೆಯೋವಾಗ ಮಾತು ನೆಟ್ಟಗಿತ್ತು ಸಾರ್.”

“ಹಾಗಿದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಇನ್ನೂ ಟೈಮಿದೆ,” ಎಂದು ಡಾಕ್ಟರು ಒಳಗೆ ಓಡಿದರು. ಅಪ್ಪನ ಸಲ ಯಾರೂ ಹೇಳದ ಮಾತು ಅದು.

ಆರನೆಯ ದಿನ ಕ್ಷೌರಿಕ ಪೆಟ್ಟಿಗೆ ಹಿಡಿದು ವಾರ್ಡಿಗೆ ಹೋದ. ನೊರೆ ಹಚ್ಚಿ, “ಊದು,” ಎಂದ. ಎಡಗೆನ್ನೆ ನಿಧಾನವಾಗಿ ಎದ್ದಿತು. ಪೂರ್ತಿಯಲ್ಲ, ಆದರೆ ಎದ್ದು ನಿಂತಿತು. ಕ್ಷೌರಿಕ ಕತ್ತಿ ಕೆಳಗಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದ.

ಪುರ್ರ್.

ನರ್ಸ್ ತಿರುಗಿ ಕಣ್ಣು ಬಿಟ್ಟರು.

“ಮೇಷ್ಟ್ರು ನೋಡಿದ್ರು ಕಣೋ,” ಎಂದ ಪೀಪಿ. ಒಂದಕ್ಷರವೂ ತೊದಲಲಿಲ್ಲ.

ಕ್ಷೌರಿಕನಿಗೆ ಅಪ್ಪ ಬಹಳ ನೆನಪಾದ. ಕಣ್ಣು ಒರೆಸಿಕೊಂಡು ಕತ್ತಿ ಎತ್ತಿಕೊಂಡ, ಉಳಿದ ಅರ್ಧ ಮುಗಿಸಿದ.