ಉಪಗ್ರಹ ಹಾರಿಸಿದ ಸೀರೆ

ಗದ್ವಾಲ, ನಾರಾಯಣಪೇಟೆ, ಮಕ್ತಲ ಈ ಮೂರು ಊರಿನವರಲ್ಲಿ ಯಾರು ಹೆಚ್ಚು ಮೂರ್ಖರು ಎಂದು ವಿಜಯಾಬಾಯಿಯನ್ನು ಯಾರೂ ಕೇಳಿರಲಿಲ್ಲ. ಆದರೂ ಆಕೆ ದಿನಾ ಹೇಳುತ್ತಿದ್ದಳು. ಗದ್ವಾಲದವರು ತಮ್ಮೂರು ಜಿಲ್ಲೆಯಾದ ಮೇಲೆ ನೆಲ ನೋಡಿ ನಡೆಯುವುದನ್ನೇ ಬಿಟ್ಟವರು. ನಾರಾಯಣಪೇಟೆಯವರು ತಮಗೂ ಜಿಲ್ಲೆ ಬೇಕೆಂದು ಹಟ ಹಿಡಿದು, ಸಿಕ್ಕ ಮೇಲೆ ಅದನ್ನು ಏನು ಮಾಡುವುದೆಂದು ತಿಳಿಯದವರು. ಇನ್ನು ಆಕೆಯದೇ ಊರಾದ ಮಕ್ತಲದವರು ಇಬ್ಬರ ನಡುವೆ ನಿಂತು ಬಸ್ಸಿಗೆ ಕಾಯುವವರು. ಗಂಡ ಅನಂತಾಚಾರ್ಯರು "ಸಣ್ಣಗ ಮಾತಾಡ, ಮಂದಿ ಕೇಳತಾರ" ಎಂದು ಬಾಗಿಲು ಮುಂದೆ ಮಾಡುತ್ತಿದ್ದರು. ಕೇಳಲಿ ಎಂದೇ ಆಕೆ ಬಾಗಿಲು ತೆರೆಯುತ್ತಿದ್ದಳು.

ತೆಲಂಗಾಣ ಬೇರೆ ರಾಜ್ಯವಾಗಿ ಏಳು ವರ್ಷವಾಗಿತ್ತು. ಹವಾಮಾನದ ಉಪಗ್ರಹವೊಂದು ಹಾರಿದ ದಿನ, ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದವರ ನಡುವೆ ಹಸಿರು ಚೌಕಳಿ ಸೀರೆಯ ಹುಡುಗಿಯೊಬ್ಬಳು ಟೀವಿಯಲ್ಲಿ ಕಂಡಳು. ಅವಳು ವಿಜಯಾಬಾಯಿಯ ಮಗಳು ವೇದಾ. ಕಂಡದ್ದು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಅಷ್ಟಕ್ಕೇ ಊರಿನ ಅರ್ಧ ಜನರಿಗೆ ಅವಳನ್ನು ತಾವು ಎತ್ತಿ ಆಡಿಸಿದ್ದು ನೆನಪಾಯಿತು. ಆ ಉಪಗ್ರಹ ಮೇಲೆ ಹೋಗಿ ಏನು ಮಾಡುತ್ತದೆ, ಹೊಟ್ಟೆಬಟ್ಟೆ ಕಟ್ಟಿದ ದೇಶ ಅದನ್ನು ಹೇಗೆ ಕಟ್ಟಿತು, ಈ ಹುಡುಗಿಯ ಪಾಲು ಅದರಲ್ಲಿ ಎಷ್ಟು ಎಂದು ಒಬ್ಬನಾದರೂ ಕೇಳಬೇಕಲ್ಲ! ಎಲ್ಲರೂ ಕೇಳಿದ್ದು ಒಂದೇ: ಸೀರೆ ಯಾವೂರದು?

ಮರುದಿನ ನಾರಾಯಣಪೇಟೆಯಿಂದ ಸೀರೆ ವ್ಯಾಪಾರಿ ಗುರುಲಿಂಗ ಬಂದು ಪಡಸಾಲೆಯಲ್ಲಿ ಕೂತ. "ಅಮ್ಮಾರ, ಆ ಚೌಕಳಿ ನೋಡಿದ್ರ ಗೊತ್ತಾಗ್ತೈತ್ರಿ, ನಮ್ಮ ನಾರಾಯಣಪೇಟಿದೇ ಐತಿ" ಎಂದ. ಅವನ ಚಹಾ ಆರುವ ಮೊದಲೇ ಗದ್ವಾಲದ ಹಂಪಣ್ಣ ಹಾಜರಾದ. ಅವನೂ ಸೀರೆ ಅಂಗಡಿಯವನೇ. "ಸೆರಗ ನೋಡ್ರಿ, ರೇಷ್ಮಿ ಸೆರಗು. ಇದು ಗದ್ವಾಲ ಬಿಟ್ರ ಎಲ್ಲಿ ಸಿಗತೈತ್ರಿ?" ಎಂದ. ಇಬ್ಬರೂ ಒಂದೇ ಫೋನಿಗೆ ತಲೆ ತೂರಿಸಿ ಚಿತ್ರವನ್ನು ಹಿಗ್ಗಿಸುತ್ತ ಹೋದರು. ವೇದಾಳ ಮುಖ ಪರದೆಯಿಂದ ಆಚೆ ಹೋಗಿ ಬರೀ ಅಂಚು ಉಳಿಯಿತು. ಅಂಚು ಸಿಕ್ಕರೆ ಸಾಕಿತ್ತು ಅವರಿಗೆ.

ನಿಜವೇನೆಂದರೆ ಆ ಸೀರೆ ಚೆನ್ನೈನ ರಸ್ತೆಬದಿಯಲ್ಲಿ ಕೊಂಡ ಮಿಲ್ಲಿನ ಸೀರೆ. ಒಗೆದ ಮೊದಲ ದಿನವೇ ಬಣ್ಣ ಬಿಟ್ಟು ಬಕೆಟ್ಟೆಲ್ಲ ಹಸಿರಾಯಿತೆಂದು ವೇದಾ ಫೋನಿನಲ್ಲಿ ನಕ್ಕಿದ್ದಳು. ವಿಜಯಾಬಾಯಿ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಹಂಪಣ್ಣ ಮುಖ ಸಿಂಡರಿಸಿಕೊಂಡು ಎದ್ದ. ಗುರುಲಿಂಗ ಏಳಲಿಲ್ಲ.

"ಖರೇ ಯಾರಿಗೆ ಬೇಕಾಗೈತ್ರಿ ಅಮ್ಮಾರ? ಐತವಾರ ನಾವು ನಿಮಗ ಸನ್ಮಾನ ಇಟ್ಟೀವಿ. ಸ್ಟೇಜ್ ಮ್ಯಾಲ ನಿಂತು, ಸೀರಿ ಗುರುಲಿಂಗನ ಅಂಗಡಿದು ಅಂತ ಒಂದ್ ಮಾತ್ ಅಂದ್ಬಿಡ್ರಿ. ನಿಮ್ಮ ಹುಡುಗಂದು ಕಚೇರ್ಯಾಗ ಏನೋ ಅಟಕಾಯಿಸೈತಂತಲ್ಲ, ಆ ಅಂಜಯ್ಯ ನಮ್ಮ ಮನಷಾ. ಸಹಿ ಹಾಕಸ್ತೀನಿ."

ವಿಜಯಾಬಾಯಿ ಅವನ ಮುಂದಿನ ಚಹಾದ ಬಟ್ಟಲು ಎತ್ತಿದಳು. ಮಗ ವಾದೀಂದ್ರ ರಾಯಚೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡದಲ್ಲಿ ಓದಿದವನು. ಈಗ ಇಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಸೇರಲು ಇಲ್ಲಿಯವನೇ ಎಂಬ ಪ್ರಮಾಣಪತ್ರ ಬೇಕಿತ್ತು. ಮನೆ, ಮಠ, ಅಜ್ಜ, ಮುತ್ತಜ್ಜ ಎಲ್ಲ ಇಲ್ಲಿಯವರೇ ಆದ್ದರಿಂದ ನಿಯಮದಲ್ಲಿ ಅದಕ್ಕೆ ದಾರಿಯೂ ಇತ್ತು. ತಹಶೀಲ್ದಾರ್ ಕಚೇರಿಯ ಅಂಜಯ್ಯನಿಗೆ ಮಾತ್ರ ಮನಸ್ಸಿರಲಿಲ್ಲ. "ಚದಿವಿಂದಿ ಅಕ್ಕಡ ಕದಾ ಅಮ್ಮಾ, ನಾನ್-ಲೋಕಲ್" ಎಂದು ಅವನು ಹಲ್ಲುಕಡ್ಡಿಯಾಡಿಸುತ್ತ ತೆಲುಗಿನಲ್ಲಿ ಹೇಳುತ್ತಿದ್ದ. ಅಲ್ಲಿ ಓದಿದವನು ಇಲ್ಲಿಯವನಲ್ಲ ಎಂದು ಅದರರ್ಥ. ರಾಯಚೂರಿಗೆ ಹೋದರೆ ಅಲ್ಲಿಯವರು ತೆಲಂಗಾಣದವನು ಎನ್ನುತ್ತಿದ್ದರು. ರಾಜ್ಯವಾದ ವರ್ಷ, ರಾಯಚೂರಿನಲ್ಲೇ ಓದಿದ್ದ ವೇದಾಳಿಗೂ ಇದೇ ಅಂಜಯ್ಯ ಇದೇ ಮಾತು ಹೇಳಿದ್ದ. ಅವಳು ಅಖಿಲ ಭಾರತ ಪರೀಕ್ಷೆ ಬರೆದು ಇವರೆಲ್ಲರ ಕೈಯಿಂದ ಪಾರಾಗಿದ್ದಳು. ವಾದೀಂದ್ರನಿಗೆ ಅಷ್ಟು ಅಂಕ ಬಂದಿರಲಿಲ್ಲ, ಸೋಮವಾರ ದಾಟಿದರೆ ಸೀಟು ಹೋಗುತ್ತಿತ್ತು.

"ನನ್ನ ಬಾಯಾಗ ಸುಳ್ಳು ಬರಂಗಿಲ್ಲ, ಎದ್ದು ನಡಿ" ಎಂದಳು ವಿಜಯಾಬಾಯಿ. ಕಹಿಯಾದರೂ ಖರೇ ಮಾತು ಎನ್ನುವ ಒಂದು ಜಂಬ ಬಿಟ್ಟರೆ ಆಕೆಯ ಹತ್ತಿರ ಬೇರೆ ಆಸ್ತಿ ಇರಲಿಲ್ಲ. ಗುರುಲಿಂಗ ನಗುತ್ತಲೇ ಚಪ್ಪಲಿ ಮೆಟ್ಟಿದ. ಇಂಥ ಬಾಗಿಲುಗಳಿಗೆ ಎರಡನೆಯ ಸಲ ಬಂದು ಅಭ್ಯಾಸವಿದ್ದವನು.

ವಾದೀಂದ್ರ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ. ಊಟಕ್ಕೆ ಕೂತಾಗ ತಲೆ ಎತ್ತದೆ ಕೇಳಿದ, "ಅಮ್ಮ, ಅಕ್ಕನ ಸೀರಿಗೆ ಎರಡೆರಡು ಊರು ಬಡಿದಾಡಲಿಕತ್ತಾವ. ನನಗ ಒಂದೂ ಇಲ್ಲೇನು?"

ಅನ್ನ ಬಡಿಸುತ್ತಿದ್ದ ಆಕೆಗೆ ಅಳು ಬಂತು. ಬೇರೆಯವರ ಎದುರು ಅತ್ತವಳಲ್ಲ, ಮಗನ ಎದುರೂ ಅಳಲಿಲ್ಲ. ಸಂಜೆಗೆ ಗುರುಲಿಂಗನಿಗೆ ಫೋನ್ ಮಾಡಿಸಿದಳು.

ಭಾನುವಾರ ನಾರಾಯಣಪೇಟೆಯ ಕಲ್ಯಾಣಮಂಟಪದಲ್ಲಿ ಜನವೋ ಜನ. ಉಪಗ್ರಹದ ಬಗ್ಗೆ ಮಾತಾಡಿದ ಧುರೀಣರೊಬ್ಬರು ಅದನ್ನು ವಿಮಾನವೆಂದೇ ತಿಳಿದಿದ್ದರು, ಅದರಲ್ಲಿ ಕೂತು ಹೋದವರು ಕ್ಷೇಮವಾಗಿ ಮರಳಲಿ ಎಂದು ಹಾರೈಸಿದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಅಂಜಯ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ವಿಜಯಾಬಾಯಿಗೆ ಶಾಲು ಹೊದಿಸಿದ. "ವೇದಾ ಮನ ಮಟ್ಟಿ ಬಿಡ್ಡ, ನಮ್ಮ ಮಣ್ಣಿನ ಮಗಳು" ಎಂದು ಎರಡೂ ಭಾಷೆಯಲ್ಲಿ ಕೂಗಿದ. ಇವನ ಮುಖಕ್ಕೆ ಉಗುಳಬೇಕು ಎಂದು ಆಕೆಗೆ ನಿಜವಾಗಿಯೂ ಅನ್ನಿಸಿತು. ಉಗುಳು ನುಂಗಿ ಮೈಕಿನ ಮುಂದೆ ಹೋದಳು.

"ಆ ಸೀರಿ ನಾರಾಯಣಪೇಟಿದು. ಗುರುಲಿಂಗನವರ ಅಂಗಡ್ಯಾಗ ನಾನೇ ಕೊಡಿಸಿದ್ದು" ಎಂದಳು.

ಸೀಟಿ ಬಿದ್ದವು. ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಜಾರುತ್ತದೆಂದು ಆಕೆಗೇ ಗೊತ್ತಿರಲಿಲ್ಲ. ಮರುದಿನ ಅಂಜಯ್ಯ ಕಾಗದದ ಮೇಲೆ ಕಣ್ಣು ಕೂಡ ಹಾಯಿಸದೆ ಸಹಿ ಮಾಡಿದ. ವಾದೀಂದ್ರ ಕಾಲೇಜು ಸೇರಿದ.

ತಿಂಗಳು ಕಳೆಯುವಷ್ಟರಲ್ಲಿ ನಾರಾಯಣಪೇಟೆಯ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಸೀರೆಯ ನೆರಿಗೆಯೊಳಗಿಂದ ರಾಕೆಟ್ ಹೊರಟಿತ್ತು, ಅದರ ಪಕ್ಕದಲ್ಲಿ ವೇದಾಳ ಮುಖ, ಕೆಳಗೆ ಗುರುಲಿಂಗನ ಅಂಗಡಿಯ ಹೆಸರು. ಯಾರೋ ಅದರ ಫೋಟೋ ತೆಗೆದು ಎಲ್ಲೆಲ್ಲಿಗೋ ಕಳಿಸಿದರು.

ಒಂದು ಸಂಜೆ ವೇದಾ ಫೋನ್ ಮಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ವಿಜಯಾಬಾಯಿಗೆ ದಿಗಿಲು ಹುಟ್ಟಿಸಿತು.

"ಅಮ್ಮ, ಆಫೀಸಿನ್ಯಾಗ ಕರೆಸಿದ್ರು. ಸರ್ಕಾರಿ ನೌಕರಿ ಮಾಡೋರು ಅಂಗಡಿ ಜಾಹೀರಾತಿಗೆ ಯಾಕ ನಿಂತ್ರಿ ಅಂತ ಕೇಳಿದ್ರು. ಊರಾಗ ನಿಮ್ಮ ತಾಯಿಯವರೇ ಹೇಳ್ಯಾರಂತಲ್ಲ ಅಂದ್ರು."

"ವಾದೀಂದ್ರನ ಸಲುವಾಗಿ ವೇದಾ..."

"ಗೊತ್ತದ. ಅವ ಎಲ್ಲಾ ಹೇಳಿದ."

"ನೀ ಏನಂದಿ ಮತ್ತ?"

"ಏನನ್ಲಿ? ನಮ್ಮಮ್ಮ ಸುಳ್ಳು ಹೇಳಿದ್ಲು ಅನ್ಲೇನು? ಸೀರಿ ಅಲ್ಲಿದೇ ಖರೇ, ಅಮ್ಮನೇ ಕೊಡಿಸಿದ್ಲು, ಫೋಟೋ ಮಾತ್ರ ಅಂಗಡಿಯವರು ನಮ್ಮನ್ನ ಕೇಳದೇ ಹಾಕ್ಯಾರ ಅಂದೆ. ಎಚ್ಚರಿಕೆ ಕೊಟ್ಟು ಬಿಟ್ರು." ದನಿ ಇಳಿಸಿ ಹೇಳಿದಳು, "ಇನ್ನ ಯಾರರೆ ಫೋನ್ ಮಾಡಿ ಕೇಳಿದ್ರ ನೀನೂ ಹಂಗೇ ಹೇಳು. ಮಾತು ಬದಲಾಗಬಾರದು ನೋಡು."

ವಿಜಯಾಬಾಯಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಗಳು ಮತ್ತೆ ಕೇಳಿದಳು, "ಏನಂತ ಹೇಳ್ತಿ?"

"ನಾನೇ ಕೊಡಿಸಿದ್ದು ಅಂತೀನಿ" ಎಂದಳು ಆಕೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ.