ಷಡ್ಡಕನ ಹೂಳು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ಕಿರಿಯ ಅಳಿಯನಿಗಂತೂ ಮದ್ದು ಬೇಕಾಗಿಯೂ ಇರಲಿಲ್ಲ. ಆ ಉರಿಯನ್ನು ಅವನು ಮುದ್ದಾಗಿ ಸಾಕಿಕೊಂಡಿದ್ದ.

ಮಾವ ಊರಿನ ಒಳಚರಂಡಿ ಮೇಸ್ತ್ರಿ. ಹೆಣ್ಣುಮಕ್ಕಳಿಬ್ಬರ ಗಂಡಂದಿರೂ ಅವರ ಕೈಕೆಳಗೇ ಇದ್ದರು. ದೊಡ್ಡ ಕೊಳವೆಯ ಮೇಲಿನ ಭಾಗ ಹಿರಿಯ ಅಳಿಯನದು, ಕೆಳಗಿನದು ಕಿರಿಯವನದು. ಬೇಕರಿ ಎದುರಿನ ಮ್ಯಾನ್‌ಹೋಲೇ ಗಡಿ. ಅವರವರ ಹೂಳನ್ನು ಅವರವರೇ ಬಕೆಟ್ಟಿನಲ್ಲಿ ಮೇಲೆತ್ತಬೇಕು, ಗಡಿ ದಾಟಿಸಿ ಇನ್ನೊಬ್ಬನ ಪಾಲಿಗೆ ತಳ್ಳಬಾರದು ಎಂಬುದು ಮಾವ ಹಾಕಿದ ಕಟ್ಟಳೆ. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಮುಂದಿನ ಮೇಸ್ತ್ರಿ ಯಾರು ಅನ್ನುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು.

ಷಡ್ಡಕನ ಕೊಳವೆ ಸದಾ ಸಲೀಸಾಗಿ ಹರಿಯುತ್ತಿತ್ತು. ಕಿರಿಯವನದರಲ್ಲಿ ಎತ್ತಿದಷ್ಟೂ ಮರಳು.

"ನಿನ್ನ ಕಡೆ ಇಳಿಜಾರು ಕಮ್ಮಿ ಕಣಯ್ಯಾ. ನೀರು ನಿಧಾನ ಆದ್ರೆ ಹೂಳು ಕೂತ್ಕೊಳ್ಳತ್ತೆ. ನಿನ್ನ ತಪ್ಪಲ್ಲ," ಎಂದು ಮಾವ ಎಷ್ಟೋ ಸಲ ಹೇಳಿದ್ದರು. ಅವನ ಕಿವಿಗೆ ಅದು ಬರೀ ಕನಿಕರವಾಗಿ ಕೇಳಿತು. ಬೆಂಚಿನ ವಿಷಯದಲ್ಲೂ ಹಾಗೇ. ಮದುವೆಯಲ್ಲಿ ಮಾವ ಕೈಯಾರೆ ಮಾಡಿ ಇಬ್ಬರು ಮಕ್ಕಳಿಗೂ ಒಂದೊಂದು ಬೆಂಚು ಕೊಟ್ಟಿದ್ದರು. ಷಡ್ಡಕನದೇ ಅಗಲ ಎಂದು ಇವನು ಅಂದೇ ಕಣ್ಣಳತೆಯಲ್ಲಿ ತೀರ್ಪು ಕೊಟ್ಟಾಗಿತ್ತು.

"ನಿಮ್ಮ ಭಾವ ಹೂಳೆತ್ತಲ್ಲ. ನನ್ನ ಕಡೆ ತಳ್ತಾನೆ," ಎಂದ ಹೆಂಡತಿಗೆ.

"ನೀವು ನೋಡಿದ್ರಾ?"

"ನೋಡೋದೇನು? ಅವನ ಜಾಗದಲ್ಲಿ ನಾನಿದ್ದಿದ್ರೆ ಅದನ್ನೇ ಮಾಡ್ತಿದ್ದೆ."

"ಇದನ್ನ ಮಾತ್ರ ಅಪ್ಪನ ಮುಂದೆ ಹೇಳ್ಬೇಡಿ," ಎಂದಳು ಅವಳು, ಸೊಪ್ಪು ಬಿಡಿಸುತ್ತಾ.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವನಿಗೆ ಸಾಕ್ಷಿ ಬೇಡ, ಆದರೆ ಮಾವನಿಗೆ ಬೇಕಲ್ಲ! ತನ್ನ ಬೆಂಚಿನ ಹಲಗೆಯನ್ನೇ ಕಿತ್ತ. ಹೇಗಿದ್ದರೂ ಅದು ಅಗಲ ಕಡಿಮೆಯ ಬೆಂಚು ತಾನೇ? ಷಡ್ಡಕ ಮೇಲ್ತುದಿಯಲ್ಲಿ ಕೆಲಸದಲ್ಲಿದ್ದಾಗ ಗಡಿಯ ಮ್ಯಾನ್‌ಹೋಲಿಗೆ ಇಳಿದು, ಕೊಳವೆಯ ಬಾಯಿಯ ಕೆಳ ಅರ್ಧಕ್ಕೆ ಅದನ್ನು ಅಡ್ಡ ನಿಲ್ಲಿಸಿದ. ತಳ್ಳಿದ ಮರಳೆಲ್ಲ ಹಿಂದೆ ನಿಲ್ಲಲಿ, ರಾಶಿಯಾದ ಮೇಲೆ ಮಾವನನ್ನು ಕರೆತಂದರಾಯಿತು.

ವಾರ ಕಳೆದು ಬಗ್ಗಿ ನೋಡಿದರೆ ಹಲಗೆಯ ಹಿಂದೆ ಕಪ್ಪು ಹೂಳು. ಸಿಕ್ಕಿಬಿದ್ದ ಕಳ್ಳ! ಇವನ ಕೊಳವೆಯೋ, ಹುಟ್ಟಿದಾಗಿನಿಂದ ಹರಿಯದಷ್ಟು ಚೊಕ್ಕಟವಾಗಿ ಹರಿಯತೊಡಗಿತ್ತು. ಇದಕ್ಕಿಂತ ಸಾಕ್ಷಿ ಬೇಕೇ? ಆದರೂ ಕಾದ; ಷಡ್ಡಕ ಮೇಲ್ತುದಿಯ ಕೆಲಸ ಮುಗಿಸಿ ಗಡಿಗೆ ಬರಲು ಇನ್ನೂ ದಿನಗಳಿದ್ದವು. ರಾಶಿ ಇನ್ನಷ್ಟು ಬೆಳೆದಷ್ಟೂ ಷಡ್ಡಕನ ಮುಖ ಇನ್ನಷ್ಟು ಕಪ್ಪಿಡುತ್ತದೆ.

ಅಷ್ಟರಲ್ಲಿ ಮಳೆ ಹೊಡೆಯಿತು. ಬೀದಿಯ ನೀರೆಲ್ಲ ಕೊಳವೆಗೆ ನುಗ್ಗಿತು. ಕೊಳವೆಯ ಹೊಟ್ಟೆಯಲ್ಲಾಗಲೇ ಹೂಳು. ಗಡಿಯಿಂದ ಸ್ವಲ್ಪ ಮೇಲೆ, ಜಡಿಮಳೆಗೆ ಹೆಚ್ಚಾದ ನೀರು ಕೆರೆಗೆ ಹೊರಳಲೆಂದು ಒಂದು ಕಂಡಿ ಇತ್ತು. ಹೊಲಸು ನೀರು ಕುಳಿತ ಹೂಳನ್ನೂ ಕಲಕಿಕೊಂಡು ಅಲ್ಲಿಂದಲೇ ಹಾರಿತು. ಬೆಳಿಗ್ಗೆ ಕೆರೆ ಕಪ್ಪಾಗಿತ್ತು, ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಊರು ಕುಡಿಯುತ್ತಿದ್ದುದು ಅದೇ ಕೆರೆಯ ನೀರು. ನಲ್ಲಿಗಳನ್ನು ನಿಲ್ಲಿಸಿದರು. ಖಾಲಿ ಕೊಡ ಹಿಡಿದವರು ಹಿರಿಯ ಅಳಿಯನಿಗೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು.

ಕಿರಿಯವನಿಗೆ ಹಬ್ಬ. "ಬನ್ನಿ ಮಾವ, ನಿಮ್ಮ ಹಿರಿಯಳಿಯನ ಕೆಲಸ ತೋರಿಸ್ತೀನಿ," ಎಂದು ತಾನೇ ಕರೆದೊಯ್ದ.

ಗಡಿಯಲ್ಲಿ ಷಡ್ಡಕ ಸೊಂಟದವರೆಗೆ ಹೊಲಸಿನಲ್ಲಿ ನಿಂತು ಬಕೆಟ್ ತುಂಬುತ್ತಿದ್ದ. ಮಾವ ಮೇಲಿನ ಮುಚ್ಚಳಗಳನ್ನು ಒಂದೊಂದೇ ಎತ್ತಿಸಿ ನೋಡುತ್ತಾ ಹೋದರು. ಮೇಲ್ತುದಿಯಲ್ಲಿ ತಳದ ಇಟ್ಟಿಗೆ ಎಣಿಸಬಹುದಿತ್ತು. ಹಲಗೆಗೆ ಹತ್ತಿರವಾದಷ್ಟೂ ಹೂಳು ದಪ್ಪ.

"ಈ ಹಲಗೆ ಯಾರದು?"

"ನಾನೇ ಇಟ್ಟೆ ಮಾವ. ಕಳ್ಳನ್ನ ಹಿಡಿಯೋಕೆ."

ಮಾವ ಹಲಗೆಯ ಹಿಂದಿನ ಹೂಳಿನತ್ತ ಬೆರಳು ತೋರಿಸಿದರು. "ಯಾರೂ ತಳ್ಳಿಲ್ಲ ಕಣೋ. ನೀರಿಗೆ ಅಡ್ಡ ನಿಂತೆ, ಅದು ಹೊತ್ತಿದ್ದನ್ನ ಅಲ್ಲೇ ಇಳಿಸ್ತು. ನಿನ್ನ ಕೊಳವೇಲಿ ನಡೆಯೋದನ್ನ ಅವನದ್ರಲ್ಲಿ ನೀನೇ ಮಾಡಿಟ್ಟೆ." ಆಮೇಲೆ ಮೆಲ್ಲಗೆ ಅಂದರು: "ಮೇಸ್ತ್ರಿಗಿರಿ ನಿನಗೇ ಕೊಡ್ಬೇಕು ಅಂತಿದ್ದೆ. ಇಳಿಜಾರಿಲ್ಲದ ಕೊಳವೇನ ಇಷ್ಟು ವರ್ಷ ತೂಗಿಸಿದೋನು ಅಂತ."

ಷಡ್ಡಕ ಹಲಗೆಯನ್ನು ತೊಳೆದು ಮೇಲೆ ಕೊಟ್ಟ. ಮಾವನಿಗೆ ತಮ್ಮ ಕೈಕೆಲಸದ ಗುರುತು ಸಿಕ್ಕಿತು. "ಅಗಲ ಕಡಿಮೆ ಇರೋ ಬೆಂಚಿಂದು ತಾನೇ ಮಾವ," ಎಂದ ಕಿರಿಯವನು. ಮಾವ ಅದನ್ನು ಹೊತ್ತುಕೊಂಡು ಪಕ್ಕದ ಬೀದಿಯ ಹಿರಿಮಗಳ ಮನೆಗೆ ನಡೆದರು, ಕಿರಿಯವನು ಹಿಂದೆ ಹಿಂದೆ. ಜಗಲಿಯ ಬೆಂಚಿನ ಮೇಲೆ ಹಲಗೆಯಿಟ್ಟು ಸರಿಯಾಗಿ ಕೂಡಿಸಿದರು. ಅಂಚಿಗೆ ಅಂಚು ಕೂತಿತು.

ಹೊರಗೆ ಜನ ಇನ್ನೂ ನೀರಿಗಾಗಿ ಅಲೆಯುತ್ತಿದ್ದರು. ಕಿರಿಯ ಅಳಿಯ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಷಡ್ಡಕನ ಬೆಂಚು ಎಲ್ಲಾದರೂ ಕೂದಲೆಳೆಯಷ್ಟು ಹೆಚ್ಚಿದೆಯೇ ಎಂದು ಹುಡುಕುತ್ತಲೇ ಇದ್ದ.